ಅಡ್ಡಕಸುಬಿ

ಲೆಕ್ಕದ ಹಾಳೆಯಲ್ಲಿ ಅವನಿಗೊಂದು ಕಾಲಮ್ಮಿಲ್ಲ.
ಎಸೆದವನಿಗುಂಟು, ದಾಟಿಸಿದವನಿಗುಂಟು,
ಪುಟಿದು ಬಂದದ್ದನ್ನು ಹಿಡಿದವನಿಗೂ ಉಂಟು.
ಅಡ್ಡ ನಿಂತವನಿಗೆ?
ಹದಿನೇಳು ವರ್ಷ ಸ್ಕಿರ್ಮಂತಾಸ್ ಅಡ್ಡ ನಿಂತ.

ಕೆದೈನ್ಯೈ ಊರಿನವರು ನಾವು, ಸೌತೆಕಾಯಿಯವರು.
ಅವನಪ್ಪ ಗೊಬ್ಬರದ ಕಾರ್ಖಾನೆಯವನು,
ಬಿಳಿ ಗುಡ್ಡದ ಬುಡದಿಂದ ಮನೆಗೆ ಬಂದರೆ
ಹುಬ್ಬೆಲ್ಲ ಹಿಟ್ಟು ಹಿಟ್ಟು.
ಉಪ್ಪುನೀರಿನ ಪೀಪಾಯಿಯೊಂದು ಒಡೆದಾಗ
ಅದರ ಕಬ್ಬಿಣದ ಬಳೆಯನ್ನು ಗೋದಾಮಿನ ಗೋಡೆಗೆ ಜಡಿದುಕೊಟ್ಟ.
ಬಳೆ ಚಿಕ್ಕದು. ಚೆಂಡು ಹಟ ಮಾಡಿ ಒಳಗಿಳಿಯಬೇಕು.
ಗಾಳಿಗೆ ಸಬ್ಬಸಿಗೆಯ ವಾಸನೆ, ಕೈಗೆ ತುಕ್ಕು.
ನಾನು ಕುಳ್ಳ, ಬಾಯಿ ಜೋರು;
ಅವನು ಹದಿಮೂರಕ್ಕೇ ಬಾಗಿಲಿಗೆ ಬಗ್ಗಿದವನು.
“ನೀನು ನಿಲ್ಲು” ಅಂದೆ, “ನಿನ್ನ ಸುತ್ತಿ ನಾನು ಬರುತ್ತೇನೆ.”
ನಿಂತ.
ವೃತ್ತಿ ಶುರುವಾದದ್ದು ಅಲ್ಲಿ.

ನಿಲ್ಲುವುದು ಸುಲಭ ಎನ್ನುವವರು ನಿಂತು ನೋಡಲಿ.
ಓಡಿ ಬರುವವನು ನಿನ್ನನ್ನು ಕಂಡಿರುವುದಿಲ್ಲ,
ಅವನ ತೊಂಬತ್ತು ಕಿಲೋ ಅಷ್ಟೂ ನಿನ್ನ ಪಕ್ಕೆಲುಬಿಗೆ.
ಕೈ ಎದೆಗೆ ಕಟ್ಟಿ, ಕಾಲು ಅಗಲಿಸಿ, ಉಸಿರು ಬಿಗಿಹಿಡಿದು
ಹೂತ ಗೂಟದ ಹಾಗೆ. ಕೂದಲೆಳೆ ಅಲುಗಿದರೆ ಸೀಟಿ.
ಅವನ ಬೆನ್ನ ನೆರಳಿನಿಂದ ನುಸುಳಿ ನಾನು ಎಸೆದೆ,
ಜನ ನನ್ನ ಹೆಸರು ಕೂಗಿದರು.
ಅಷ್ಟು ಹೊತ್ತಿಗೆ ಅವನು ನೆಲದಿಂದ ಏಳುತ್ತಿದ್ದ.

ಆಮೇಲೆ ನನಗೆ ಊರೇ ಸಾಕಾಯಿತು, ಅವನಿಗೆ ಊರೂರು.
ಪೋಲೆಂಡಿನಲ್ಲಿ ಎರಡು ಚಳಿಗಾಲ.
ಮರ್ಮರಾ ದಂಡೆಯ ಯಾವುದೋ ಬಂದರಿನಲ್ಲಿ ನಾಲ್ಕು ತಿಂಗಳ ಸಂಬಳ ಬಾಕಿ,
ಬದಲಿಗೆ ಒಂದು ಡಬ್ಬಿ ಆಲಿವ್.
ಕ್ರೆಮೋನಾದಲ್ಲಿ ಪಿಟೀಲು ಮಾಡುವವನ ಮಹಡಿ ಮೇಲೆ ಕೋಣೆ,
ಮಂಚ ಮುಗಿದ ಮೇಲೂ ಉಳಿದ ಕಾಲಿಗೆ ಒಂದು ಕುರ್ಚಿ.
ಒಂದೊಂದು ಊರಿನ ದರ್ಜಿಯೂ
ಅಂಗಿ ಹಿಂದಿನ ಹೆಸರಿಂದ ಒಂದಕ್ಷರ ನುಂಗಿದ.
ಅವನು ದೂರು ಹೇಳಲಿಲ್ಲ.
ಬೆನ್ನು ಓದುವವರು ಯಾರು?

ಮೂವತ್ತೊಂದಕ್ಕೆ ಅಮೆರಿಕ. ಹತ್ತು ದಿನದ ಕರಾರು.
ಒಂಬತ್ತನೆಯ ದಿನ ಮಿಲ್ವಾಕಿಯಲ್ಲಿ ಅವನನ್ನು ಬೆಂಚಿನಿಂದ ಎಬ್ಬಿಸಿದರು.
ಇಲ್ಲಿ ಬೆಳಗಿನ ಜಾವ ನಾಲ್ಕು.
ಅವನಮ್ಮ ಬಿರೂತೆ ಚರ್ಚಿನ ಕೋಟು ಹಾಕಿಕೊಂಡು
ನಮ್ಮ ಟಿವಿಯ ಮುಂದೆ ಕೂತಿದ್ದಳು.
ಮೂರು ನಿಮಿಷ ನಲವತ್ತು ಸೆಕೆಂಡು.
ಒಮ್ಮೆ ನಿಂತ. ಇನ್ನೊಮ್ಮೆ ನಿಂತ.
ಸೀಟಿ.
“ಏನು ಮಾಡಿದ?” ಅಂದಳು ತಾಯಿ.
ಅಲುಗಿದನಂತೆ, ಅಂದೆ.
“ಅವನಾ?” ಅಂದಳು, ಆಕೆ ನಕ್ಕದ್ದು ಆವತ್ತೇ ನಾನು ಕಂಡದ್ದು.
ಪತ್ರಿಕೆಯಲ್ಲಿ ಬಂದದ್ದು ಒಂದೇ ಸಾಲು:
ಸೊನ್ನೆ, ಸೊನ್ನೆ, ಸೊನ್ನೆ, ಒಂದು.
ಆ ಒಂದು, ತಪ್ಪಿನದು.
ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು, ಅಣಬೆ ಆಕಾರದ ಅಯಸ್ಕಾಂತದ ಕೆಳಗೆ,
ವಿದ್ಯುತ್ ಬಿಲ್ಲಿನ ಜೊತೆ.

“ಅಲುಗಲಿಲ್ಲ ಕಣೋ ನಾನು.”
ಆ ರಾತ್ರಿ ಫೋನಿನಲ್ಲಿ ಹೇಳಿದ.
ಮದುವೆಯಲ್ಲಿ ಹೇಳಿದ, ಮಂಡಿ ಕೊಯ್ಯುವ ಮುನ್ನ ಹೇಳಿದ,
ಮತ್ತು ಬರಿಸುವ ಡಾಕ್ಟರಿಗೂ ಹೇಳಿದ.

ನವೆಂಬರ್ ಮೊದಲ ವಾರ, ಸತ್ತವರ ದಿನ.
ಗೋರಿಗೋರಿಗೂ ದೀಪ, ನೆವೇಜಿಸ್ ನದಿಯಿಂದ ಗಾಳಿ.
ಬಿರೂತೆಯ ಕಲ್ಲಿನ ಮುಂದೆ ಕೂತು ನಾನು ಕಡ್ಡಿ ಗೀರಿದೆ,
ಆರಿತು. ಗೀರಿದೆ, ಆರಿತು.
ಬೆನ್ನ ಹಿಂದೆ ಜಲ್ಲಿ ಕರಕರ ಎಂದಿತು.
“ಬಲಗಡೆಯಿಂದ ಬಾ,” ಅಂದ, ಹಳೆಯ ದನಿಯಲ್ಲಿ,
ಗಾಳಿಗೆ ಅಡ್ಡ ನಿಂತು, ಕೈ ಎದೆಗೆ ಕಟ್ಟಿ.
ಬತ್ತಿ ಹೊತ್ತಿತು.
ಅವನ ಎಡಗಾಲು ಅರ್ಧ ಅಡಿ ಜಾರಿದ್ದನ್ನು ಕಂಡೆ.
ಮಂಡಿ ಲೋಹದ್ದು, ಒದ್ದೆ ಜಲ್ಲಿ,
ಏನೋ ಒಂದು.
ಸೀಟಿ ನನ್ನ ಹತ್ತಿರ ಇರಲಿಲ್ಲ.